ಹದಿನೈದು ದಿನದ ಮನೆ

"ಸಾರ್, ನಮ್ಮ ಬಿಲ್ಡಿಂಗ್ ಹಿಂದೆ ಒಂದು ನಾಯಿಮರಿ ಅಳ್ತಾ ಇದೆ. ಯಾವುದಾದ್ರೂ ಶೆಲ್ಟರಿಗೆ ಹಾಕ್ಬಿಡಿ, ಪಾಪ."

ಕಳೆದೊಂದು ವರ್ಷದಲ್ಲಿ ನನಗೆ ಬಂದ ಫೋನುಗಳಲ್ಲಿ ಬಹುಪಾಲು ಇದೇ ಮಾತು. ಮರಾಠಿಯಲ್ಲಿ, ಹಿಂದಿಯಲ್ಲಿ, ಗುಜರಾತಿಯಲ್ಲಿ, ನಮ್ಮ ಕನ್ನಡ ತುಳುವಿನಲ್ಲೂ. ಭಾಷೆ ಯಾವುದಾದರೂ ಕೊನೆಗೊಂದು "ಪಾಪ" ಇದ್ದೇ ಇರುತ್ತದೆ. ಆ ಪಾಪದ ಬಗ್ಗೆ ನನಗೆ ಅನುಮಾನವಿಲ್ಲ, ಫೋನು ಮಾಡುವವರು ನಿಜಕ್ಕೂ ಕರುಳಿದ್ದವರೇ. ನನ್ನ ತಕರಾರು ಇರೋದು "ಹಾಕ್ಬಿಡಿ" ಅನ್ನುವ ಪದದ ಮೇಲೆ. ಹಳೇ ಪೇಪರನ್ನು ರದ್ದಿಗೆ ಹಾಕ್ತೇವೆ, ಕಸವನ್ನು ಡಬ್ಬಿಗೆ ಹಾಕ್ತೇವೆ, ನಾಯಿಮರಿಯನ್ನು ಶೆಲ್ಟರಿಗೆ ಹಾಕ್ತೇವೆ. ಹಾಕಿದ ಮೇಲೆ ಅದು ನಮ್ಮ ಲೆಕ್ಕದಿಂದ ಹೋಯಿತು, ರಾತ್ರಿ ನಿದ್ದೆ ಬರುತ್ತದೆ.

ಶೆಲ್ಟರ್ ಅಂದರೆ ಏನು ಅಂತ ಹೆಚ್ಚಿನವರು ನೋಡಿಲ್ಲ. ಹಸಿರು ಹುಲ್ಲು, ಓಡಾಡುವ ನಾಯಿಗಳು, ಮಧ್ಯದಲ್ಲಿ ನಗುತ್ತಾ ನಿಂತ ಸ್ವಯಂಸೇವಕಿ ಅಂತ ಮನಸ್ಸಿನಲ್ಲೊಂದು ಚಿತ್ರ ಇರುತ್ತದೆ. ನಾನು ವಾರಕ್ಕೊಮ್ಮೆ ಹೋಗುವ ಶೆಲ್ಟರಿನಲ್ಲಿ (ಹೆಸರು ಬೇಡ, ಅಲ್ಲಿಯವರು ತಮ್ಮ ಶಕ್ತಿ ಮೀರಿ ದುಡಿಯುತ್ತಾರೆ) ತಗಡಿನ ಮಾಡು, ಸಿಮೆಂಟ್ ನೆಲ, ಎರಡು ನಾಯಿಗೆ ಅಂತ ಕಟ್ಟಿದ ಗೂಡಿನಲ್ಲಿ ಐದು ನಾಯಿ. ಮೂರು ಕಾಲಿನವು, ಕಣ್ಣಿಲ್ಲದವು, ಬೆನ್ನು ಮುರಿದವು. ಇವುಗಳ ನಡುವೆ ಆರೋಗ್ಯವಾಗಿರುವ, ಆರು ವಾರದ, ಗುಂಡುಗುಂಡಗಿನ ಒಂದು ಮರಿಯನ್ನು ತಂದು ಬಿಟ್ಟರೆ ಏನಾಗುತ್ತದೆ ಗೊತ್ತೆ? ಬಹಳ ಸಲ ಹತ್ತು ದಿನದಲ್ಲಿ ಸಾಯುತ್ತದೆ.

ಅದಕ್ಕೆ ಕಾರಣ ಪಾರ್ವೋ. ನಾಯಿಗಳಲ್ಲಿ ಈ ವೈರಸ್ ಪತ್ತೆಯಾದದ್ದೇ 1978ರಲ್ಲಿ. ಅದು ನೆಲದ ಮೇಲೆ ತಿಂಗಳುಗಟ್ಟಲೆ ಬದುಕಿರುತ್ತದೆ, ನಾವು ಮನೆಯಲ್ಲಿ ಒರೆಸುವ ಫಿನಾಯಿಲಿಗೆ ಜಗ್ಗುವುದಿಲ್ಲ, ಬ್ಲೀಚೇ ಬೇಕು. ವಾಂತಿ, ರಕ್ತಭೇದಿ, ಮೂರು ನಾಲ್ಕು ದಿನದಲ್ಲಿ ಮುಗಿಯುತ್ತದೆ ಕಥೆ. ಲಸಿಕೆ ಇದೆ, ಆದರೆ ಆರರಿಂದ ಎಂಟು ವಾರಕ್ಕೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರದವರೆಗೂ ಕೊಡುತ್ತಾ ಹೋಗಬೇಕು. ತಾಯಿಯಿಂದ ಬಂದ ರಕ್ಷಣೆ ಇಳಿದು ಲಸಿಕೆಯ ರಕ್ಷಣೆ ಏರುವ ನಡುವೆ ಒಂದು ಖಾಲಿ ಜಾಗ ಇರುತ್ತದಲ್ಲ, ಸರಿಯಾಗಿ ಆ ಹೊತ್ತಿಗೇ ನಾವು ಮರಿಯನ್ನು ತೆಗೆದುಕೊಂಡು ಹೋಗಿ ಎಲ್ಲ ರೋಗಗಳೂ ಬಂದುಹೋಗುವ ಜಾಗಕ್ಕೆ "ಹಾಕ್ತೇವೆ". ಪಾಪ ಅನ್ನುತ್ತಲೇ.

ಆದ್ದರಿಂದ ಮರಿಗಳಿಗೆ ಬೇಕಾದ್ದು ಶೆಲ್ಟರ್ ಅಲ್ಲ, ಒಂದು ಸ್ನಾನದ ಮನೆ. ಅಥವಾ ಬಾಲ್ಕನಿಯ ಒಂದು ಮೂಲೆ. ಹದಿನೈದು ದಿನ, ಹೆಚ್ಚೆಂದರೆ ಎರಡು ತಿಂಗಳು. ಇದಕ್ಕೆ ಇಂಗ್ಲಿಷಿನಲ್ಲಿ ಫಾಸ್ಟರಿಂಗ್ ಅನ್ನುತ್ತಾರೆ. ಮುಂಬಯಿಯವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ ಡಿಪಾಸಿಟ್ ಇಲ್ಲದ, ಬಾಡಿಗೆ ಇಲ್ಲದ ಲೀವ್ ಅಂಡ್ ಲೈಸೆನ್ಸ್!

ನಾನೂ ನನ್ನ ಹೆಂಡತಿಯೂ ದಹಿಸರ್ ಪೂರ್ವದ ನಮ್ಮ ಒಂದು ಬೆಡ್‌ರೂಮಿನ ಮನೆಯಲ್ಲಿ ವರ್ಷವಿಡೀ ಇದನ್ನು ಮಾಡಿದೆವು. ಒಟ್ಟು ಹತ್ತೊಂಬತ್ತು ಜೀವ. ಹನ್ನೊಂದು ಬೆಕ್ಕು, ಆರು ನಾಯಿಮರಿ, ಎರಡು ದೊಡ್ಡ ನಾಯಿ. ಹನ್ನೆರಡಕ್ಕೆ ಮನೆ ಸಿಕ್ಕಿತು. ನಾಲ್ಕು ಸತ್ತವು. ಎರಡನ್ನು ಆಪರೇಷನ್ ಮಾಡಿಸಿ ಅವುಗಳ ಗಲ್ಲಿಗೇ ವಾಪಸ್ ಬಿಟ್ಟೆವು. ಒಂದು ನಮ್ಮ ಮನೆಯಲ್ಲೇ ಉಳಿಯಿತು. ಅದೊಂದು ಮುದಿ ಲ್ಯಾಬ್ರಡಾರ್. ಚೆಕ್‌ನಾಕಾದ ಹತ್ತಿರ ರೇಲಿಂಗಿಗೆ ಕಟ್ಟಿ ಹೋಗಿದ್ದರು, ಕುತ್ತಿಗೆಗೆ ಹೊಚ್ಚ ಹೊಸ ಬೆಲ್ಟು ಬೇರೆ. ಬಿಟ್ಟುಹೋಗುವ ನಾಯಿಗೆ ಹೊಸ ಬೆಲ್ಟು ಯಾಕೆ ಕಟ್ಟಿದರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಸೊಂಟ ನೋವು, ಮೆಟ್ಟಿಲು ಹತ್ತಲಾರದು, ಲಿಫ್ಟ್ ಬಂದಾಗ ಒಳಗೆ ಹೋಗಿ ಬಾಗಿಲ ಕಡೆ ಮುಖಮಾಡಿ ನಿಲ್ಲುತ್ತದೆ, ಥೇಟ್ ಆಫೀಸಿಗೆ ಹೋಗುವ ಸಾಹೇಬನಂತೆ. ಬಿಲ್ಡಿಂಗ್ ಮಕ್ಕಳು ಅದಕ್ಕೆ ಶೇಠ್ ಅಂತ ಹೆಸರಿಟ್ಟಿದ್ದಾರೆ.

ಕೆಲಸ ಕಷ್ಟವೇ? ನಾಯಿಮರಿ ಕಷ್ಟವಲ್ಲ, ಗಲೀಜು ಅಷ್ಟೆ. ಕಣ್ಣುಬಿಡದ ಬೆಕ್ಕಿನ ಮರಿ ಕಷ್ಟ. ಎರಡು ಮೂರು ಗಂಟೆಗೊಮ್ಮೆ ಹಾಲು, ರಾತ್ರಿಯೂ. ಹಸುವಿನ ಹಾಲು ಕೂಡದು, ಭೇದಿಯಾಗುತ್ತದೆ, ಮರಿಗಳಿಗೆಂದೇ ಬರುವ ಹಾಲಿನ ಪುಡಿ ಬೇಕು. ಮೈ ಬೆಚ್ಚಗಿಲ್ಲದಿದ್ದರೆ ಹಾಲು ಕೊಟ್ಟರೂ ಜೀರ್ಣವಾಗದು, ಮೊದಲು ಬಿಸಿನೀರಿನ ಬಾಟಲಿ, ಆಮೇಲೆ ಹಾಲು. ಇನ್ನೊಂದು ವಿಷಯ ಗೊತ್ತೆ, ಆ ವಯಸ್ಸಿನ ಮರಿಗೆ ತಾನಾಗಿ ಮೂತ್ರ ಮಾಡಲೂ ಬಾರದು. ತಾಯಿ ನೆಕ್ಕಿ ಮಾಡಿಸುತ್ತಾಳೆ. ತಾಯಿ ಇಲ್ಲದಿದ್ದರೆ ಒದ್ದೆ ಹತ್ತಿಯಿಂದ ನಾವು ಒರೆಸಿ ಮಾಡಿಸಬೇಕು. ಬೆಳಗಿನ ಜಾವ ಮೂರಕ್ಕೆ, ಚರ್ಚ್‌ಗೇಟಿನ ಮೊದಲ ಲೋಕಲ್ ಹೊರಡುವ ಮುಂಚೆ, ಅಂಗೈಯಲ್ಲಿ ನೂರೈವತ್ತು ಗ್ರಾಮಿನ ಜೀವವೊಂದನ್ನು ಹಿಡಿದು ಹತ್ತಿಯಿಂದ ಒರೆಸುತ್ತಾ ಕೂತ ಐವತ್ತು ದಾಟಿದ ಗಂಡಸನ್ನು ಊರಿನ ಅಣ್ಣತಮ್ಮಂದಿರು ನೋಡಿದ್ದರೆ ಏನೆನ್ನುತ್ತಿದ್ದರೋ!

ಆದರೆ ನಿಜವಾದ ಕಷ್ಟ ಇದ್ಯಾವುದೂ ಅಲ್ಲ. ಮನೆ ಹುಡುಕುವುದು. ಹೆಣ್ಣುಮಕ್ಕಳಿಗೆ ವರ ಹುಡುಕುವುದು ಇದಕ್ಕಿಂತ ಸುಲಭ ಅಂತ ನನ್ನ ಹೆಂಡತಿ ಹೇಳುತ್ತಾಳೆ.

ಮೊದಲನೆಯದಾಗಿ, ನಮ್ಮವರಿಗೆಲ್ಲ "ಊರಲ್ಲಿ ನಾಯಿ ಬೆಕ್ಕು ಸಾಕಿದ್ದೇವೆ" ಅನ್ನುವ ಧೈರ್ಯ. ನಿಜ, ಸಾಕಿದ್ದೇವೆ. ಹೇಗೆ? ನಾಯಿ ಜಗಲಿಯ ಕೆಳಗೆ ಮಲಗುತ್ತಿತ್ತು, ಉಳಿದ ಅನ್ನ ಗಂಜಿ ತಿನ್ನುತ್ತಿತ್ತು, ಹಗಲೆಲ್ಲ ತೋಟ ಸುತ್ತುತ್ತಿತ್ತು. ಬೆಕ್ಕು ಹಾಲನ್ನ ತಿನ್ನುತ್ತಿತ್ತು ಅಂತ ನಮ್ಮ ನೆನಪು. ಹಾಲನ್ನ ನಾವು ಕೊಟ್ಟದ್ದು ಹೌದು. ಅದು ಅಟ್ಟದ ಇಲಿ, ಬೇಲಿಯ ಓತಿಕ್ಯಾತ, ಬಾವಿಕಟ್ಟೆಯ ಕಪ್ಪೆ ತಿಂದು ಬದುಕಿದ್ದು ನಮ್ಮ ಲೆಕ್ಕಕ್ಕೆ ಬರಲಿಲ್ಲ. ಬೆಕ್ಕು ಮಾಂಸ ತಿನ್ನಲೇಬೇಕಾದ ಪ್ರಾಣಿ. ಟಾರಿನ್ ಅನ್ನುವ ಒಂದು ಅಂಶ ಆಹಾರದಲ್ಲಿ ಇಲ್ಲದಿದ್ದರೆ ಅದರ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಆ ಅಂಶ ಹಾಲನ್ನದಲ್ಲಿ ಸಾಕಷ್ಟಿಲ್ಲ. ಹನ್ನೆರಡನೇ ಮಹಡಿಯಲ್ಲಿ ಇಲಿಯೂ ಇಲ್ಲ.

"ನಾವು ಮೊಟ್ಟೆ ಕೂಡ ತರೋದಿಲ್ಲ, ಬೆಕ್ಕಿಗೆ ಹಾಲು ಮೊಸರು ಸಾಕಲ್ವಾ?" ಅಂತ ಒಬ್ಬರು ತುಂಬಾ ಪ್ರೀತಿಯಿಂದ ಕೇಳಿದರು. ಒಳ್ಳೆಯ ಜನ, ಮನೆ ತುಂಬ ಮಕ್ಕಳು. ಅಂಗಡಿಯಲ್ಲಿ ಸಿಗುವ ಒಣ ಆಹಾರವನ್ನಾದರೂ ತರುತ್ತೀರಾ ಅಂದೆ. ಅದರಲ್ಲಿ ಮೀನು ಇರುತ್ತದಲ್ಲ ಅಂದರು. ಇರುತ್ತದೆ. ಅವರಿಗೆ ಬೆಕ್ಕು ಕೊಡಲಿಲ್ಲ, ನಾಯಿಮರಿ ಕೊಟ್ಟೆ. ನಾಯಿ ಇದರಲ್ಲಿ ನಮ್ಮ ಹಾಗೆ, ಯೋಚಿಸಿ ಹಾಕಿದರೆ ಸಸ್ಯಾಹಾರದಲ್ಲೂ ಸುಧಾರಿಸಿಕೊಳ್ಳುತ್ತದೆ. ಈಗ ಅದು ಅವರ ಮನೆಯ ಚಪಾತಿ, ಪನೀರ್, ಬೇಳೆ ತಿಂದು ಮನೆಯ ಯಜಮಾನನಿಗಿಂತ ಚೆನ್ನಾಗಿದೆ, ಡಾಕ್ಟರಿಗೂ ಆಗಾಗ ತೋರಿಸುತ್ತಾರೆ.

ಎರಡನೆಯದು ಕಿಟಕಿ. ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೇ ನಿಲ್ಲುತ್ತದೆ ಅನ್ನುವುದನ್ನು ನಂಬಿಕೊಂಡು ಮುಂಬಯಿಯ ಎತ್ತರದ ಕಟ್ಟಡಗಳಲ್ಲಿ ಎಷ್ಟು ಬೆಕ್ಕುಗಳು ದವಡೆ ಮುರಿದುಕೊಂಡಿವೆ ಅಂತ ಯಾವ ಪ್ರಾಣಿವೈದ್ಯರನ್ನು ಬೇಕಾದರೂ ಕೇಳಿ. ಪಾರಿವಾಳ ಕಂಡರೆ ಅದಕ್ಕೆ ಮಹಡಿಯ ಲೆಕ್ಕ ಇರುವುದಿಲ್ಲ. ಕಿಟಕಿಗೆ ಬಲೆ ಹಾಕಿಸಿದ ಫೋಟೋ ಕಳಿಸಿ, ಆಮೇಲೆ ಬೆಕ್ಕು ಅಂತ ನಾವು ನಿಯಮ ಮಾಡಿಕೊಂಡಿದ್ದೇವೆ. ಇದರಿಂದಲೇ ಕೆಲವರು ಕೋಪಗೊಂಡು ಫೋನ್ ಇಟ್ಟಿದ್ದಾರೆ. "ಬೀದಿ ಬೆಕ್ಕಿಗೆ ಇಷ್ಟೊಂದಾ?" ಅಂತ. ಹೌದು, ಇಷ್ಟೇ.

ಮೂರನೆಯದು ವಾಪಸಾತಿ. ನಾವು ಕೊಟ್ಟ ಹನ್ನೆರಡರಲ್ಲಿ ಎರಡು ಒಮ್ಮೆ ವಾಪಸ್ ಬಂದು ಮತ್ತೆ ಹೋದವು. ಒಂದು ಮರಿ ಐದು ವಾರಕ್ಕೆ ಬಂತು, ಸೋಫಾ ಕಡಿಯಿತಂತೆ. ಹಲ್ಲು ಬರುವ ವಯಸ್ಸಿನ ಮರಿ ಸೋಫಾ ಕಡಿಯದೆ ಇನ್ನೇನು ವಚನ ಹೇಳುತ್ತದೆಯೇ? ಇನ್ನೊಬ್ಬರಿಗೆ ಬೆಂಗಳೂರಿಗೆ ವರ್ಗವಾಯಿತು. ರೈಲಿನಲ್ಲಿ ನಾಯಿಯನ್ನು ಕರೆದೊಯ್ಯಬಹುದು ಸ್ವಾಮಿ, ಫಸ್ಟ್ ಏಸಿಯಲ್ಲಿ ಪೂರ್ತಿ ಕೂಪೆ ಹಿಡಿದರೆ ಜೊತೆಯಲ್ಲೇ, ಇಲ್ಲದಿದ್ದರೆ ಗಾರ್ಡಿನ ಡಬ್ಬಿಯಲ್ಲಿ ಬುಕ್ ಮಾಡಿ ಅಂತ ಎಲ್ಲ ವಿವರಿಸಿದೆ. ಫ್ರಿಜ್ಜು, ವಾಷಿಂಗ್ ಮಷೀನು, ತುಳಸಿ ಕುಂಡವೂ ಟೆಂಪೋದಲ್ಲಿ ಹೋದವು. ನಾಯಿ ನಮ್ಮ ಮನೆಗೆ ಬಂತು.

ಹಾಗಂತ ಮನುಷ್ಯರ ಮೇಲೆ ನಂಬಿಕೆ ಕಳೆದುಕೊಳ್ಳುವ ಹಾಗಿಲ್ಲ. ಅದೇ ಮರಿಯನ್ನು ಆಮೇಲೆ ಕರೆದೊಯ್ದದ್ದು ಕಾಂದರಪಾಡದ ಒಬ್ಬ ರಿಕ್ಷಾ ಚಾಲಕ. ಅದು ಅವನ ಜೊತೆ ರಿಕ್ಷಾದಲ್ಲೇ ತಿರುಗುತ್ತದೆ. ನಮ್ಮ ಪ್ರಶ್ನಾವಳಿ ಓದಿ ಅವನು, "ಮನೆ ಹತ್ತಡಿ ಹನ್ನೆರಡಡಿ, ನಾವು ನಾಲ್ಕು ಜನ, ನಾಯಿ ಐದನೆಯದು. ಸಾಕಾ?" ಅಂದಿದ್ದ. ಸಾಕು ಮಾರಾಯಾ, ಸಾಕು.

ಇನ್ನು ಬಣ್ಣ. ಬಿಳಿ ಮರಿ, ಕಂದು ಮರಿ ಬೇಗ ಹೋಗುತ್ತವೆ. ಕಪ್ಪು ಬೆಕ್ಕನ್ನು ಕೇಳುವವರಿಲ್ಲ. ಬಿ.ಇ. ಓದಿದವರೂ ಅತ್ತೆಗೆ ಇಷ್ಟವಾಗಲ್ಲ ಅನ್ನುತ್ತಾರೆ. ನಾಯಿಯಲ್ಲಿ ತಳಿಯದೇ ಮಾತು. ನಮ್ಮ ಕನ್ನಡಿಗರಿಗೆ ಮುಧೋಳ ನಾಯಿಯ ಬಗ್ಗೆ ಎಷ್ಟು ಹೆಮ್ಮೆ! 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಸ್ಟ್ಯಾಂಪ್ ತಂದಾಗ ನಾನೂ ಖುಷಿಪಟ್ಟವನೇ. ಆದರೆ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿ ಇನ್ನೊಂದು ಕಲ್ಲಿದೆ, ಮಂಡ್ಯ ಜಿಲ್ಲೆಯ ಆತಕೂರಿನದು, ಸುಮಾರು ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರ ಎಂಬ ವೀರನಿಗೆ ಗಂಗರ ಬೂತುಗ ಏನು ಬೇಕು ಕೇಳು ಅಂದಾಗ ಆತ ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಆ ಕಾಳಿ ಹಂದಿಯೊಂದಿಗೆ ಹೋರಾಡಿ, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು, ಕಲ್ಲಿನ ಮೇಲೆ ಹಂದಿ ನಾಯಿಯ ಕಾದಾಟ ಕೆತ್ತಿದರು. ನಾಯಿಗೆ ಹೆಸರಿಟ್ಟು ಕಲ್ಲು ನೆಟ್ಟ ಜನರ ಮೊಮ್ಮಕ್ಕಳು ನಾವು, ಈಗ "ಲೋಕಲ್ ನಾಯಿ ಬೇಡ ಸಾರ್, ಬ್ರೀಡ್ ಇದ್ರೆ ಹೇಳಿ" ಅನ್ನುತ್ತೇವೆ. ದಹಿಸರಿನ ಹವೆಗೆ, ಈ ಸೆಖೆಗೆ, ಹಸ್ಕಿ ಬೇಕಂತೆ!

ಈಗ ಸ್ವಲ್ಪ ದೊಡ್ಡ ವಿಷಯ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿ ಮತ್ತು ಸುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಶೆಲ್ಟರಿಗೆ ಹಾಕಿ ಅಂದಿತು. ಹನ್ನೊಂದು ದಿನದಲ್ಲಿ, ಆಗಸ್ಟ್ 22ರಂದು, ಮೂವರ ಪೀಠ ಅದನ್ನು ಬದಲಿಸಿ, ಆಪರೇಷನ್ ಮತ್ತು ಲಸಿಕೆ ಆದ ನಾಯಿಗಳನ್ನು ಅವುಗಳ ಜಾಗಕ್ಕೇ ಬಿಡಿ, ರೇಬೀಸ್ ಅನುಮಾನವಿರುವವು ಮತ್ತು ಆಕ್ರಮಣಕಾರಿಯಾದವನ್ನು ಬಿಡಬೇಡಿ ಅಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಂಥ ಜಾಗದ ನಾಯಿಗಳನ್ನು ಹಿಡಿದರೆ ಮತ್ತೆ ಅಲ್ಲಿಗೇ ಬಿಡಕೂಡದು, ಶೆಲ್ಟರಿಗೆ ಹಾಕಿ ಅಂತ ಆದೇಶವಾಯಿತು. ನಮ್ಮ ಸೊಸೈಟಿಯ ಮೀಟಿಂಗಿನಲ್ಲೂ ಆವತ್ತಿನಿಂದ ಅದೇ ಮಾತು: ಶೆಲ್ಟರ್, ಶೆಲ್ಟರ್.

ನಾಯಿ ಕಚ್ಚಿದ ಮಗುವಿನ ಅಪ್ಪನ ಮುಂದೆ ಕೂತು ದಯೆಯ ಪಾಠ ಹೇಳುವವನು ನಾನಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ, ಮನುಷ್ಯರಿಗೆ ಬರುವ ರೇಬೀಸಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ನಾಯಿಯಿಂದಲೇ. ಆ ಹೆದರಿಕೆ ಸುಳ್ಳಲ್ಲ, ಅದನ್ನು ಗೇಲಿ ಮಾಡುವ ಪ್ರಾಣಿಪ್ರಿಯರನ್ನು ಕಂಡರೆ ನನಗೂ ಸಿಟ್ಟು ಬರುತ್ತದೆ. ನಾನು ಕೇಳುವುದು ಲೆಕ್ಕ ಮಾತ್ರ. 2014ರ ಗಣತಿಯಲ್ಲಿ ಮುಂಬಯಿಯಲ್ಲಿ ಬೀದಿನಾಯಿಗಳು ಸುಮಾರು 95 ಸಾವಿರ. ಒಂದು ನಾಯಿಗೆ ದಿನಕ್ಕೆ ನಲವತ್ತು ರೂಪಾಯಿ ಅಂತ ಹಿಡಿಯಿರಿ, ಊಟಕ್ಕೇ ದಿನವೊಂದಕ್ಕೆ 38 ಲಕ್ಷ. ಜಾಗ? ಮನುಷ್ಯರಿಗೇ ಇಲ್ಲದ ಊರು ಇದು.

ಈ ಊರು ಎಲ್ಲ ಉಪಾಯವನ್ನೂ ಒಮ್ಮೆ ಮಾಡಿ ನೋಡಿದೆ. 1832ರ ಜೂನಿನಲ್ಲಿ ಬ್ರಿಟಿಷರು ಬೀದಿನಾಯಿಗಳನ್ನು ಕೊಲ್ಲಿಸುತ್ತಿದ್ದಾಗ ಫೋರ್ಟಿನಲ್ಲಿ ಪಾರಸಿಗಳು ದಂಗೆಯೆದ್ದರು, ನಾಯಿಗೋಸ್ಕರ ಗಲಭೆ! ಎರಡು ವರ್ಷದ ನಂತರ, 1834ರಲ್ಲಿ, ಜಮ್‌ಶೇಟ್‌ಜೀ ಜೀಜೀಭಾಯಿ ಮತ್ತಿತರರು ಸೇರಿ ಪಾಂಜರಾಪೋಳ ಕಟ್ಟಿದರು, ಅದು ಆ ಕಾಲದ ಶೆಲ್ಟರ್. ಅದು ಭುಲೇಶ್ವರದ ಹತ್ತಿರ ಇವತ್ತಿಗೂ ಇದೆ, ಆದರೆ ಬೀದಿಯ ನಾಯಿ ಕಡಿಮೆಯಾಗಲಿಲ್ಲ. ಆಮೇಲೆ 1994ರವರೆಗೂ ಪಾಲಿಕೆ ಹಿಡಿದು ಕೊಲ್ಲುತ್ತಿತ್ತು, ಆಗಲೂ ಕಡಿಮೆಯಾಗಲಿಲ್ಲ. ತೆರವಾದ ಗಲ್ಲಿಗೆ ಪಕ್ಕದ ಗಲ್ಲಿಯವು ಬಂದವು, ಉಳಿದವು ಮರಿ ಹಾಕಿದವು. ಕೊನೆಗೆ ಆಪರೇಷನ್ನಿಗೆ ಬಂದರು, 2001ರಲ್ಲಿ ಅದೇ ದೇಶದ ನಿಯಮವಾಯಿತು, 2023ರಲ್ಲಿ ಹೊಸ ನಿಯಮ ಬಂತು. ಕಿವಿಯಲ್ಲಿ ಸಣ್ಣ ಕಚ್ಚಿರುವ ನಾಯಿ ನೋಡಿದ್ದೀರಲ್ಲ, ಅದು ಆಪರೇಷನ್ ಆದ ಗುರುತು.

ದಹಿಸರಿನಲ್ಲಿ ಈ ಚರ್ಚೆಗೆ ಇನ್ನೊಬ್ಬ ಪಾಲುದಾರನಿದ್ದಾನೆ. ಕೇತಕಿಪಾಡ, ರಾವಳಪಾಡದ ಹಿಂದೆಯೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ, ಅಲ್ಲಿ ಚಿರತೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಲ್ಲಿ ಈ ಕಾಡಿನ ಚಿರತೆಗಳು ವರ್ಷಕ್ಕೆ ಸುಮಾರು 1,500 ಬೀದಿನಾಯಿಗಳನ್ನು ತಿನ್ನುತ್ತವೆ, ಅದರಿಂದ ಸಾವಿರದಷ್ಟು ನಾಯಿಕಡಿತ ತಪ್ಪುತ್ತದೆ. ಅಷ್ಟು ತಿಂದರೂ ನಾಯಿ ಮುಗಿದಿಲ್ಲ ನೋಡಿ. ಯಾಕೆಂದರೆ ಕಸ ಮುಗಿದಿಲ್ಲ. ಕಸ ಇದ್ದಲ್ಲಿ ನಾಯಿ, ನಾಯಿ ಇದ್ದಲ್ಲಿ ಚಿರತೆ. ಸೊಸೈಟಿಯ ಗೇಟಿನಲ್ಲಿ ಮೂರು ದಿನ ಕೊಳೆತ ಡಬ್ಬಿ ಇಟ್ಟುಕೊಂಡು ಮೀಟಿಂಗಿನಲ್ಲಿ ಸುಪ್ರೀಂ ಕೋರ್ಟಿನ ಮಾತಾಡುವುದು ನಮ್ಮಿಂದ ಮಾತ್ರ ಸಾಧ್ಯ.

ಹತ್ತೊಂಬತ್ತು ಜೀವದಲ್ಲಿ ನಾವು ಮಾಡಿದ ಅತ್ಯಂತ ಉಪಯುಕ್ತ ಕೆಲಸ ಯಾವುದು ಅಂದರೆ, ವಾಪಸ್ ಬಿಟ್ಟ ಆ ಎರಡು. ಒಂದು ಹೆಣ್ಣುನಾಯಿ. ನಮ್ಮ ಆರು ಮರಿಗಳಲ್ಲಿ ನಾಲ್ಕು ಅದರದ್ದೇ. ಹೆಣ್ಣುನಾಯಿ ವರ್ಷಕ್ಕೆ ಎರಡು ಸಲ ಬೆದೆಗೆ ಬರಬಹುದು, ಒಂಬತ್ತು ವಾರಕ್ಕೆ ಮರಿ. ನಾವು ಮರಿಗಳಿಗೆ ಮನೆ ಹುಡುಕುತ್ತಾ ಅಲೆಯುವಷ್ಟರಲ್ಲಿ ಅದು ಇನ್ನೊಂದು ಸಾಲು ತಯಾರು ಮಾಡಿರುತ್ತಿತ್ತು. ಇನ್ನೊಂದು ಮೀನು ಮಾರ್ಕೆಟ್ಟಿನ ತಾಯಿ ಬೆಕ್ಕು, ಮಹಾ ಚಾಲಾಕಿ. ಮೂರು ದಿನ ಬೋನಿನ ಹತ್ತಿರವೂ ಸುಳಿಯಲಿಲ್ಲ, ನಾಲ್ಕನೇ ದಿನ ಒಣ ಬೊಂಬಿಲಿನ ವಾಸನೆಗೆ ಸೋತಿತು. ಇವೆರಡರ ಫೋಟೋಗೆ ಯಾರೂ "ಅಯ್ಯೋ ಮುದ್ದು" ಅನ್ನಲಿಲ್ಲ. ಮರಿಗಳ ಫೋಟೋಗೆ ದುಡ್ಡು ಕಳಿಸುವವರು ತಾಯಿಯ ಆಪರೇಷನ್ನಿಗೆ ಅಂದರೆ ಮೌನ. ವೆಲ್ಫೇರ್ ಆಫ್ ಸ್ಟ್ರೇ ಡಾಗ್ಸ್‌ನಂಥ ಸಂಸ್ಥೆ 1985ರಿಂದ ಈ ಊರಿನಲ್ಲಿ ಬೀದಿನಾಯಿಗಳಿಗಾಗಿ ದುಡಿಯುತ್ತಿದೆ. ಅಂಥವರಿಗೆ ಕೊಡುವ ಹಣದಲ್ಲಿ ಇದು ಆಪರೇಷನ್ನಿಗೆ, ಇದು ಲಸಿಕೆಗೆ ಅಂತ ಬರೆದು ಕೊಡಿ.

ಸತ್ತ ನಾಲ್ಕರ ಬಗ್ಗೆ ಹೆಚ್ಚು ಬರೆಯಲಾರೆ. ಎರಡು ನಾಯಿಮರಿ, ಶೆಲ್ಟರಿನಲ್ಲಿ ನಾಲ್ಕು ದಿನ ಇದ್ದು ನಮ್ಮಲ್ಲಿಗೆ ಬಂದವು, ಪಾರ್ವೋ ಜೊತೆಯಲ್ಲೇ ಬಂದಿತ್ತು. ಎರಡು ಬೆಕ್ಕಿನ ಮರಿ, ಯಾರೋ ಚೀಲಕ್ಕೆ ಹಾಕಿ ದಹಿಸರ್ ನದಿಯ ಸೇತುವೆಯ ಹತ್ತಿರ ಮಳೆಯಲ್ಲಿ ಇಟ್ಟಿದ್ದವು. ಊರಿನಲ್ಲೂ ಹೀಗೇ ಮಾಡುತ್ತಿದ್ದರು, ಗೋಣಿಚೀಲಕ್ಕೆ ಹಾಕಿ ಹೊಳೆಯಾಚೆ ಬಿಟ್ಟು ಬರುವುದು. ಆ ನಾಯಿಮರಿಗಳು ನಾಲ್ಕು ದಿನ ಮೊದಲೇ ಯಾರದಾದರೂ ಸ್ನಾನದ ಮನೆ ಸೇರಿದ್ದರೆ ಬದುಕುತ್ತಿದ್ದವು ಅಂತ ಡಾಕ್ಟರು ಹೇಳಿದರು. ಅದಕ್ಕೇ ನಾನು ಇಷ್ಟು ಬರೆಯುತ್ತಿರುವುದು.

ನಮ್ಮ ಮುಂಬಯಿ ಕನ್ನಡಿಗರಿಗೆ ಹದಿನೈದು ದಿನದ ಮನೆ ಅಂದರೇನು ಅಂತ ವಿವರಿಸಬೇಕಾಗಿಲ್ಲ ಅಂದುಕೊಂಡಿದ್ದೇನೆ. ನಮ್ಮ ಹಿಂದಿನ ತಲೆಮಾರಿನಲ್ಲಿ ಯಾರನ್ನೇ ಕೇಳಿ, ಊರವರ ಖೋಲಿಯಲ್ಲಿ ಚಾಪೆಯಗಲ ಜಾಗ, ಹೋಟೆಲಿನ ಶಟರ್ ಎಳೆದ ಮೇಲೆ ಟೇಬಲ್ ಜೋಡಿಸಿ ಮಲಗಿದ್ದು, "ಕೆಲಸ ಸಿಗೋವರೆಗೆ ಇರು ಮಾರಾಯಾ" ಅಂದ ಒಬ್ಬ ದೂರದ ಸಂಬಂಧಿ. ಆ ಖೋಲಿಯವರಿಗೇನು ಜಾಗ ಹೆಚ್ಚಾಗಿತ್ತೇ? ನಾಯಿ ಬೆಕ್ಕನ್ನು ಮನುಷ್ಯರಿಗೆ ಹೋಲಿಸಬೇಡಿ ಅಂತ ಒಬ್ಬ ಹಿರಿಯರು ನನ್ನ ಮೇಲೆ ಬೇಸರ ಮಾಡಿಕೊಂಡರು. ಹೋಲಿಸುತ್ತಿಲ್ಲ. ಜಾಗ ಕೊಡುವ ಅಭ್ಯಾಸವನ್ನು ಹೋಲಿಸುತ್ತಿದ್ದೇನೆ ಅಷ್ಟೆ. ಆಗ ಹತ್ತಡಿಯಲ್ಲಿ ಎಂಟು ಜನ, ಈಗ ಎರಡು ಬೆಡ್‌ರೂಮಿನಲ್ಲಿ ಇಬ್ಬರು, ಮಕ್ಕಳು ಅಮೆರಿಕಾದಲ್ಲಿ, ಒಂದು ಬಾತ್‌ರೂಮು ಸ್ಟೋರ್‌ರೂಮಾಗಿದೆ.

ಬಾಡಿಗೆಯವರಿಗೆ ತೊಂದರೆ ಇದೆ, ಒಪ್ಪುತ್ತೇನೆ. ಅಗ್ರಿಮೆಂಟಿನಲ್ಲೇ ಸಾಕುಪ್ರಾಣಿ ಬೇಡ ಅಂತ ಬರೆಸಿರುತ್ತಾರೆ. ಸ್ವಂತ ಮನೆಯವರಿಗೆ ಮಾತ್ರ ಸೊಸೈಟಿ ಇಡೀಯಾಗಿ ಬೇಡ ಅನ್ನುವ ಹಾಗಿಲ್ಲ, ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ನಮ್ಮ ಸೆಕ್ರೆಟರಿಯವರಿಗೆ ಅದರ ಪ್ರಿಂಟ್ ತೆಗೆದುಕೊಟ್ಟೆ. ಓದಿದರು, ಮಡಚಿದರು, "ಲಿಫ್ಟಿನಲ್ಲಿ ಕೂದಲು ಬೀಳಬಾರದು" ಅಂದರು. ಶೇಠ್‌ಗೆ ದಿನಾ ಬಾಚುತ್ತೇವೆ.

ಹೊಸ ವರ್ಷದ ಲೆಕ್ಕ ಹೋದ ವಾರವೇ ಶುರುವಾಗಿದೆ. ಬಾತ್‌ರೂಮಿನಲ್ಲಿ ಎರಡು ಮರಿ, ಏಳು ವಾರದವು, ಎರಡೂ ಕಪ್ಪು. ಒಂದಕ್ಕೆ ಬಾಲದ ತುದಿ ಮುರಿದಿದೆ. ಭಾಯಂದರಿನ ಒಬ್ಬರು ಭಾನುವಾರ ನೋಡಲು ಬರುತ್ತಾರಂತೆ. ಅವರ ಕಿಟಕಿಯ ಬಲೆಯ ಫೋಟೋ ಬಂದಿದೆ, ಬಲೆ ಗಟ್ಟಿಯಾಗಿಯೇ ಇದೆ. ಒಂದೇ ಸಾಕು ಅಂದಿದ್ದಾರೆ. ಎರಡನ್ನೂ ಕೊಡುವುದು ಹೇಗೆ ಅಂತ ನನ್ನ ಹೆಂಡತಿ ಯೋಚಿಸುತ್ತಿದ್ದಾಳೆ.